ಪೈಲ್ವಾನ ಕೂಸು, ಗಡೀಪಾರಾದ ಆಕಳು

ತೇರಗಾಂವದ ಬಸಲಿಂಗಯ್ಯನ ಮಗ ಹುಟ್ಟಿ ಮೊದಲ ಸಲ ಅತ್ತಾಗ, ಆ ಧ್ವನಿಗೆ ದಾಂಡೇಲಿಯ ಕಾಗದದ ಕಾರ್ಖಾನೆಯ ಭೋಂಗಾ ನಾಚಿ ಬಾಯಿ ಮುಚ್ಚಿಕೊಂಡಿತು. ಪಾಳಿ ಮುಗಿಯಿತೆಂದು ತಿಳಿದ ಕೆಲಸಗಾರರು ಬುತ್ತಿ ಡಬ್ಬಿ ಹಿಡಿದು ಮನೆಗೆ ನಡೆದರು. ಕಾಳಿ ನದಿಯ ಮೊಸಳೆಗಳು ದಂಡೆ ಹತ್ತಿ, ತೇರಗಾಂವ ಯಾವ ದಿಕ್ಕಿಗಿದೆಯೆಂದು ಒಂದನ್ನೊಂದು ಕೇಳಿಕೊಂಡು, ಆ ಕಡೆ ಮುಖ ಮಾಡಿ ಭಕ್ತಿಯಿಂದ ಕುಳಿತವು.

ಈ ಸಂಗತಿಯನ್ನು ನಂಬಿದವನು ಇಡೀ ಹಳಿಯಾಳ ತಾಲೂಕಿನಲ್ಲಿ ಒಬ್ಬನೇ. ಅವನು ಬಸಲಿಂಗಯ್ಯ. ಹೇಳಿದವನೂ ಅವನೇ ಆದ್ದರಿಂದ ಹೇಳುವವನಿಗೂ ನಂಬುವವನಿಗೂ ನಡುವೆ ಭಿನ್ನಾಭಿಪ್ರಾಯಕ್ಕೆ ಆಸ್ಪದವಿರಲಿಲ್ಲ.

ಬಸಲಿಂಗಯ್ಯ ಅಯ್ಯನವರ ಮನೆತನದವನು. ಊರಲ್ಲಿ ಯಾರ ಮನೆಯಲ್ಲಿ ಪೂಜೆಯಾದರೂ ಮೊದಲ ಮಣೆ ಅವನಿಗೆ. ಊಟದ ವಿಷಯದಲ್ಲಿ ಆ ಮನೆತನದ ಶಿಸ್ತು ಎಂಥದೆಂದರೆ, ಕೋಳಿ ಕೂಗಿದ್ದಕ್ಕೆ ಎಚ್ಚರವಾದರೆ ಅವರ ಅಜ್ಜ ಇನ್ನೊಮ್ಮೆ ಸ್ನಾನ ಮಾಡುತ್ತಿದ್ದನಂತೆ. ಹೊಟ್ಟೆಪಾಡಿಗೆ ಬಸಲಿಂಗಯ್ಯ ಹಳಿಯಾಳದ ಕಟ್ಟಿಗೆ ಅಡ್ಡೆಯೊಂದರಲ್ಲಿ ಸಾಗವಾನಿ ದಿಮ್ಮಿಗಳ ಮೇಲೆ ನಂಬರಿನ ಸುತ್ತಿಗೆ ಹೊಡೆಯುತ್ತಿದ್ದ. ದೂರದಿಂದ ನೋಡಿದವರಿಗೆ ಸುತ್ತಿಗೆಯೇ ಅವನನ್ನು ಎತ್ತೆತ್ತಿ ದಿಮ್ಮಿಗೆ ಬಡಿಯುತ್ತಿರುವಂತೆ ಕಾಣುತ್ತಿತ್ತು. ಮೈಕಟ್ಟು ಅಂಥದು. ಕೂಸು ಈರಯ್ಯನೂ ತಂದೆಯನ್ನೇ ಹೋತು, ದುಪಟಿಯಲ್ಲಿ ಸುತ್ತಿದರೆ ದುಪಟಿಯಷ್ಟೇ ಕಾಣುವಂತೆ ಇದ್ದ. ಆದರೆ ಗಟ್ಟಿಯಾಗಿದ್ದ, ನಗುತ್ತಿದ್ದ, ಹೊಟ್ಟೆ ತುಂಬಿದರೆ ನಿದ್ದೆ ಹೋಗುತ್ತಿದ್ದ. ಕೂಸೆಂದರೆ ಹಾಗಿದ್ದರೆ ಸಾಕೆಂದು ಎಲ್ಲರೂ ಬಲ್ಲರು, ಅದರ ಅಪ್ಪನೊಬ್ಬನನ್ನು ಬಿಟ್ಟು.

ಮುಂಬಯಿ ರಾಜ್ಯದಿಂದ ಬಿಡಿಸಿಕೊಂಡು ಮೈಸೂರು ರಾಜ್ಯ ಸೇರಿದ ಮೇಲೆ ಹಳಿಯಾಳಕ್ಕೆ ಸುಧಾರಣೆಗಳು ಬರತೊಡಗಿದ್ದ ಕಾಲ. ಬಸ್ ಸ್ಟ್ಯಾಂಡಿನ ಎದುರಿನ ಕ್ಷೌರದ ಅಂಗಡಿಯಲ್ಲಿ ಒಂದು ದಿನ ಬಸಲಿಂಗಯ್ಯ ಭೋಂಗಾದ ಕಥೆ ಮುಗಿಸಿ ಮೊಸಳೆಗಳಿಗೆ ಬಂದಿದ್ದಾಗ, ಮುಖಕ್ಕೆ ಸಾಬೂನು ಹಚ್ಚಿಸಿಕೊಂಡು ಕುಳಿತಿದ್ದ ಗರಡಿಯ ವಸ್ತಾದ ಮಲಕಪ್ಪ ಒಂದೇ ಕಣ್ಣು ತೆರೆದ.

“ಅಲ್ರಿ ಅಯ್ಯಾರ, ಇಂಥಾ ಕೂಸು ಮನ್ಯಾಗ ಇಟಗೊಂಡು ಸುಮ್ಮನ ಕುಂತೀರಲ್ಲ! ಮಹಿಳಾ ಮಂಡಳದವರು ಶಿಶು ಪ್ರದರ್ಶನ ಇಟ್ಟಾರ. ತಕ್ಕಡ್ಯಾಗ ತೂಗಿ, ಗುಂಡ್‌ಗುಂಡನ್ನ ಕೂಸಿಗೆ ಬಹುಮಾನ ಅಂತ ಢಾಲು ಕೊಡ್ತಾರಂತ.”

“ಹಂಗಾರ ಢಾಲಿನ ಮ್ಯಾಲ ಈರಯ್ಯ ಅಂತ ಈಗಽ ಕೆತ್ತಸ್ರಿ ಅಂತ ಹೇಳ್ರಿ. ಆಮ್ಯಾಲ ಗಡಿಬಿಡಿ ಆಗ್ತೈತಿ.”

“ಹೇಳೂಣು ಬಿಡ್ರಿ. ಆದರ ಕೂಸನ್ನ ತರಬೇಕಾಗ್ತೈತಿ. ಕಥೀನ ತೂಗಂಗಿಲ್ಲಂತ ಅವರು.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಕತ್ತರಿಯೂ ನಕ್ಕಿತು. ನಗು ನಿಲ್ಲುವವರೆಗೆ ಕಾದು ಬಸಲಿಂಗಯ್ಯ, ತನಗೇನೂ ಸಂಬಂಧವಿಲ್ಲದವನಂತೆ, ಗರಡಿಯ ಹುಡುಗರು ಏನು ತಿನ್ನುತ್ತಾರೆಂದು ಕೇಳಿದ.

“ಹಾಲಿನಾಗ ಹಸೀ ತತ್ತಿ ಒಡದು ಹಾಕಿ ಕುಡಸ್ತೇವಿ,” ಎಂದ ಮಲಕಪ್ಪ. “ನಿಮ್ಮ ಮನ್ಯಾಗ ಅದು ನಡ್ಯಂಗಿಲ್ಲ. ಕೂಸಿಗಂತೂ ಬ್ಯಾಡಽ ಬ್ಯಾಡ.”

ಎರಡು ಮಾತು ಹೇಳಿದ್ದ ಮಲಕಪ್ಪ. ಬಸಲಿಂಗಯ್ಯ ಮೊದಲನೆಯದನ್ನು ಮನೆಗೆ ಒಯ್ದ. ಎರಡನೆಯದನ್ನು ಅಂಗಡಿಯ ಕೂದಲ ಜೊತೆ ಗುಡಿಸಿ ಹಾಕಲು ಬಿಟ್ಟ.

ತಾಂಡಾದ ಕಮಲಿಬಾಯಿ ಓಣಿಗೆಲ್ಲ ಉರುವಲು ಹೊರೆ ತಂದು ಮಾರುತ್ತಿದ್ದಳು. ಅವಳ ಮನೆಯಲ್ಲಿ ಕೋಳಿಗಳಿವೆಯೆಂಬುದು ಬಸಲಿಂಗಯ್ಯನಿಗೆ ಗೊತ್ತಿತ್ತು, ಗೊತ್ತಿಲ್ಲದಂತೆ ಇರುವುದು ಮನೆತನದ ಶಿಸ್ತಾಗಿತ್ತು. ಅವಳನ್ನು ದನದ ಕೊಟ್ಟಿಗೆಯ ಹಿಂದೆ ಕರೆದ.

“ಕಮಲವ್ವಾ, ಔಷಧಕ್ಕ ಒಂದು ತತ್ತಿ ಬೇಕಾಗಿತ್ತಲ್ಲ.”

ಕಮಲಿಬಾಯಿ ತಲೆಯ ಮೇಲಿನ ಹೊರೆ ಸಮೇತ ಹಿಂದಕ್ಕೆ ಸರಿದಳು. “ಏ ಅಯ್ಯಾ! ಕೊಟ್ಟಾಕಿಗೆ ಪಾಪ ಬರ್ತೈತೋ, ತಿಂದಾಂವಗ ಬರ್ತೈತೋ?”

“ಔಷಧ ಅಂದ್ನೆಲ್ಲ. ಔಷಧಕ್ಕ ಪಾಪ ಹತ್ತಂಗಿಲ್ಲ.”

“ಯಾರಿಗೆ ಜಡ್ಡು?”

“ಯಾರಿಗೂ ಇಲ್ಲ. ಬರೂಕಿಂತ ಮೊದ್ಲಽ ಕೊಡೂ ಔಷಧ.”

ಅಂದಿನಿಂದ ಅಯ್ಯನವರ ಮನೆಯ ಉರುವಲಿನ ಹೊರೆಯೊಳಗೆ ಒಂದು ಎಲೆಯ ಪೊಟ್ಟಣ ಬರತೊಡಗಿತು. ಪೊಟ್ಟಣ ಆಕಳ ಗ್ವಾದಲಿಯ ಹುಲ್ಲಿನಲ್ಲಿ ಅಡಗಿತು. ಸಂಜೆ ಬಸಲಿಂಗಯ್ಯ ಕೂಸಿನ ಹಾಲು ತುಂಬಿದ ಬೆಳ್ಳಿಯ ಒಳಲೆಯನ್ನು ಒಂದು ಕೈಯಲ್ಲಿ, ಕೂಸನ್ನು ಇನ್ನೊಂದು ಕೈಯಲ್ಲಿ ಹಿಡಿದು, “ಆಕಳ ತೋರಿಸ್ಕೋತ ಹಾಲು ಕುಡಸ್ತೇನಿ” ಎಂದು ಕೊಟ್ಟಿಗೆಗೆ ನಡೆದ. ಗಂಡ ಕೂಸನ್ನು ಎತ್ತಿಕೊಂಡದ್ದೇ ದೊಡ್ಡ ಪವಾಡವೆಂದು ಹೆಂಡತಿ ಕಾಶೆವ್ವ ಕಣ್ಣು ತುಂಬಿಕೊಂಡಳು. ಒಳಲೆಯೋ, ಅವಳ ತಂದೆ ಅಡಿವೆಯ್ಯನವರು ಮುಂಡಗೋಡದಿಂದ ಪೂಜೆ ಮಾಡಿಸಿ ತಂದುಕೊಟ್ಟದ್ದು. ಅದರಲ್ಲಿ ಹಸಿ ತತ್ತಿಯ ಬಂಗಾರದ ಎಳೆ ಬಿದ್ದು ಹಾಲಿನೊಂದಿಗೆ ಬೆರೆಯಿತು. ಬೆಳ್ಳಿ ಕಪ್ಪಾಗಲಿಲ್ಲ. ದೇವರಿಗೂ ಒಪ್ಪಿಗೆಯಿದೆಯೆಂದು ಬಸಲಿಂಗಯ್ಯ ತೀರ್ಮಾನಿಸಿದ.

ಒಳಲೆ ಬರಿದಾಗಿ ಸ್ವಲ್ಪ ಹೊತ್ತಾಗಿರಬೇಕು. ಈರಯ್ಯನ ತುಟಿ ದಪ್ಪಗಾಯಿತು, ಕೆನ್ನೆ ಉಬ್ಬಿತು. ಕೈಕಾಲಿಗೆ ಕೆಂಪು ಕೆಂಪು ಗಾದರಿ ಎದ್ದವು. ಕುಡಿದದ್ದನ್ನೆಲ್ಲ ಅಪ್ಪನ ಅಂಗಿಯ ಮೇಲೆ ಹಿಂತಿರುಗಿಸಿದ.

“ಎವ್ವಾ, ನೋಡಬಾ! ಕೂಸು ಮೈ ಹಿಡ್ಯಾಕತ್ತೈತಿ!” ಎಂದು ಬಸಲಿಂಗಯ್ಯ ಕೂಗಿದ.

ಅವನ ತಾಯಿ ಶಂಕ್ರವ್ವ ಬಂದು ನೋಡಿ ಎದೆ ಬಡಿದುಕೊಂಡಳು. “ಮೈ ಹಿಡ್ಯಾಕತ್ತೈತೇನೋ ಮೂಳಾ! ಹುಳಾ ಕಡದಂಗ ಆಗೇತಿ. ದಿಟ್ಟಿ ತಾಕೇತಿ, ದಿಟ್ಟಿ. ಬಾಜೂ ಮನಿ ಮಾಲವ್ವ ಮುಂಜಾನಿ ನೋಡಿ, ಕೂಸು ಚೆಂದ ಐತಿ ಅಂದ್ಲು. ನಾ ಆಗಽ ಅಂದೆ, ಯಾಕ ಅಂದ್ಲು ಅಂತ!”

ಒಲೆಗೆ ಮೆಣಸಿನಕಾಯಿ ಬಿತ್ತು. ಓಣಿಗೆ ಓಣಿಯೇ ಕೆಮ್ಮಿತು. ಜೋಯಿಡಾದ ಕಾಡಿನಲ್ಲಿ ಹುಲಿಗಳು ಸೀನಿದವೆಂದು ಮರುದಿನ ಬಸಲಿಂಗಯ್ಯ ಅಡ್ಡೆಯಲ್ಲಿ ಹೇಳಿದ. ಬೆಳಗಾಗುವಷ್ಟರಲ್ಲಿ ಗಾದರಿ ಇಳಿದಿದ್ದವು. ಮೆಣಸಿನಕಾಯಿಗೆ ಕೀರ್ತಿ ಬಂತು, ಮಾಲವ್ವನಿಗೆ ಅಪಕೀರ್ತಿ.

ಮಾಲವ್ವ ಅಪಕೀರ್ತಿಯನ್ನು ಸುಮ್ಮನೆ ಮನೆಗೆ ಒಯ್ಯುವವಳಲ್ಲ. ಬಾಗಿಲಿಗೇ ಬಂದಳು. “ಏ ಶಂಕ್ರಕ್ಕಾ, ನನ್ನ ಕಣ್ಣಿಗೆ ಅಷ್ಟು ಶಕ್ತಿ ಇದ್ದಿದ್ರ ನಿನ್ನ ಮಗ್ಗ ಎಂದೋ ನೋಡಿ ಸುಧಾರಸ್ತಿದ್ದೆ! ಕೂಸು ಚೆಂದ ಐತಿ ಅಂದದ್ದು ತಪ್ಪಾತು. ಇನ್ನ ಮ್ಯಾಲ ಅಪ್ಪನಂಗ ಐತಿ ಅಂತೇನಿ, ಆತಿಲ್ಲ?”

ಎರಡು ದಿನ ಬಿಟ್ಟು ಮತ್ತೆ ತತ್ತಿ, ಮತ್ತೆ ಗಾದರಿ. ಈ ಸಲ ಮಾಲವ್ವ ಹಳಿಯಾಳದ ಸಂತೆಗೆ ಹೋಗಿದ್ದಳು. ಅವಳ ಕಣ್ಣುಗಳೂ ಜೊತೆಗೇ ಹೋಗಿದ್ದವು. ಆದ್ದರಿಂದ ಶಂಕ್ರವ್ವ ಹೊಸ ಅಪರಾಧಿಯನ್ನು ಹುಡುಕಬೇಕಾಯಿತು. ಕೂಸು ಕೊಟ್ಟಿಗೆಗೆ ಹೋಗಿ ಬಂದಾಗಲೇ ಹೀಗಾಗುತ್ತದೆ. ಕೊಟ್ಟಿಗೆಯಲ್ಲಿ ಇರುವುದು ಯಾರು? ಆಕಳು. ಹಾಲು ಯಾರದು? ಅದರದೇ. ಇನ್ನು ಸಾಕ್ಷಿ ಏಕೆ?

“ಏನೋ ಸುಡಗಾಡ ಸೊಪ್ಪು ಮೇದು ಬಂದೈತಿ. ಇದರ ಹಾಲು ನಂಜು,” ಎಂದಳು ಶಂಕ್ರವ್ವ.

ಆಕಳನ್ನು ಕುಂಬಾರವಾಡದ ಗೌಳಿಯೊಬ್ಬನ ಮನೆಗೆ ಗಡೀಪಾರು ಮಾಡಲಾಯಿತು. ಕುಂಬಾರವಾಡಕ್ಕೆ ಬಸ್ಸು ಯಾವಾಗ ಬರುತ್ತದೆಂಬುದು ಬಸ್ಸಿಗೇ ಗೊತ್ತಿರದ ಕಾಲ. ಆಕಳು ನಡೆದೇ ಹೋಯಿತು. ಹೋಗುವಾಗ ತಿರುಗಿ ತಿರುಗಿ ಬಸಲಿಂಗಯ್ಯನನ್ನು ನೋಡಿತಂತೆ. ಗ್ವಾದಲಿಯಲ್ಲಿ ಹುಲ್ಲಿನ ಕೆಳಗೆ ಏನಿದೆಯೆಂದು ಕಂಡಿದ್ದ ಜೀವ ಅದೊಂದೇ, ಮತ್ತು ಅದಕ್ಕೆ ಬಾಯಿ ಇರಲಿಲ್ಲ.

ಇನ್ನು ಹಾಲು ಎಲ್ಲಿಂದ? ಮಾಲವ್ವನ ಮನೆಯಲ್ಲಿ ಎಮ್ಮೆಯಿತ್ತು. ಶಂಕ್ರವ್ವ ಹಲ್ಲು ಕಿರಿದುಕೊಂಡು ಹೋಗಿ ಹಾಲು ತಂದಳು. ಬಸಲಿಂಗಯ್ಯ ಆ ಹಾಲನ್ನೂ ಒಳಲೆಗೆ ಹಾಕಿಕೊಂಡು, ಕೂಸಿಗೆ ಬರಿದಾದ ಕೊಟ್ಟಿಗೆ ತೋರಿಸಲು ಹೋದ. ಗಾದರಿ ಎದ್ದವು. ಈಗ ಎಮ್ಮೆ ಅಪರಾಧಿ.

ಮಾಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಣಿಯ ನಡುವೆ ನಿಂತಳು. “ಮೊದಲ ನನ್ನ ಕಣ್ಣಿಗೆ ಹೆಸರಿಟ್ರಿ. ಈಗ ನನ್ನ ಎಮ್ಮಿಗೆ ಹೆಸರಿಟ್ರಿ. ನಾಳೆ ನನ್ನ ಬಾವೀಗೆ ಇಡ್ತೀರಿ, ನಾಡದ ನನ್ನ ಗಂಡಗ ಇಡ್ತೀರಿ! ಅಯ್ಯಾರ ಮನಿ ಅಂತ ಕಾಲು ಬೀಳ್ತಿದ್ದೆ. ಇನ್ನ ಕಾಲು ಬೀಳಂಗಿಲ್ಲ, ಕಾಲು ಮುರೀತೇನಿ!”

ಎಮ್ಮೆಯ ನಂತರ ಆಡು ಬಂತು, ಹೋಯಿತು. ರಾಗಿ ಗಂಜಿ ಬಂತು, ಹೋಯಿತು. ಬಾಳೆಹಣ್ಣು ಕಿವುಚಿ ಕೊಟ್ಟರು, ಅದರಲ್ಲೂ ಬಸಲಿಂಗಯ್ಯನ ಚಮಚ ಆಡಿತು, ಬಾಳೆಹಣ್ಣಿಗೂ ಬಹಿಷ್ಕಾರ. ಮನೆಯಲ್ಲಿ ತಿನ್ನುವ ಒಂದೊಂದು ವಸ್ತುವೂ ತಲೆ ತಗ್ಗಿಸಿಕೊಂಡು ಹೊರಗೆ ನಡೆಯತೊಡಗಿತು. ಕೊನೆಗೆ ಕೂಸಿಗೆ ಉಳಿದದ್ದು ತಾಯಿಯ ಹಾಲು. ಕೊಟ್ಟಿಗೆಯಲ್ಲಿ ಚಮಚ ನೇರ ಬಾಯಿಗೇ ಹೋಯಿತು, ಗಾದರಿ ನಿಲ್ಲಲಿಲ್ಲ. ಆಗ ಶಂಕ್ರವ್ವನ ದೃಷ್ಟಿ ಸೊಸೆಯ ತಾಟಿನ ಕಡೆ ತಿರುಗಿತು.

“ತಾಯಿ ತಿಂದದ್ದು ಕೂಸಿಗೆ ಇಳೀತೈತಿ. ಶೇಂಗಾ ಚಟ್ನಿ ಬ್ಯಾಡ. ಬದನಿಕಾಯಿ ಬ್ಯಾಡ. ಬ್ಯಾಳಿ ಬ್ಯಾಡ. ಮಜ್ಜಿಗಿ ಬ್ಯಾಡ.”

“ಮತ್ತ ಏನು ತಿನ್ಲಿ ಅತ್ತಿ?”

“ಅನ್ನ, ಮೆಣಸಿನ ನೀರು. ನಾ ನಾಕು ಹಡದೇನಿ, ಇದನ್ನಽ ತಿಂದು.”

“ನಾ ಬಾಣಂತೀನೋ, ಹಿಂಡಲಗಿ ಜೇಲಿನ ಕೈದೀನೋ?” ಎಂದಳು ಕಾಶೆವ್ವ. ಅವಳ ಕೈಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದ್ದಳು. ಕೂಸೂ ಸೊರಗಿತು. ಅದನ್ನು ನೋಡಿ ಬಸಲಿಂಗಯ್ಯನ ಕರುಳು ಕಿತ್ತು ಬಂತು. ಢಾಲು ಕೈ ತಪ್ಪುತ್ತದೆಯೆಂದು ಮುಂದಿನ ಸಲ ಚಮಚ ತುಸು ಹೆಚ್ಚು ತುಂಬಿದ.

ಸುದ್ದಿ ಮುಂಡಗೋಡಕ್ಕೆ ಮುಟ್ಟಿತು. ಕಾಶೆವ್ವನ ತಂದೆ ಅಡಿವೆಯ್ಯನವರು ಹಣೆ ತುಂಬ ವಿಭೂತಿ, ಕೈಯಲ್ಲಿ ಬೆತ್ತ ಹಿಡಿದು ಬಂದಿಳಿದರು. ಅವರು ಒಂದು ಮಾತಾಡಿದರೆ ಹತ್ತು ಊರಿನ ಪಂಚರು ಅದನ್ನು ಗಾದೆ ಮಾಡಿಕೊಳ್ಳುತ್ತಿದ್ದರು. ಮಗಳ ಕೈ ನೋಡಿದರು, ಮೊಮ್ಮಗನ ಮೈ ನೋಡಿದರು, ಅಳಿಯನನ್ನು ನೋಡಬೇಕೆನಿಸಲಿಲ್ಲ.

“ಬಸಲಿಂಗಯ್ಯಾ, ಕೇಳು. ಇನ್ನೊಮ್ಮೆ ಈ ಕೂಸಿನ ಮೈಮ್ಯಾಲ ಗಾದರಿ ಕಂಡ್ರ, ಮಗಳನ್ನೂ ಮೊಮ್ಮಗನ್ನೂ ಮುಂಡಗೋಡಕ್ಕ ಒಯ್ತೇನಿ. ಮತ್ತ ಕಳಸಂಗಿಲ್ಲ. ಈಗ ಮೊದಲ ದಾಂಡೇಲಿ ಡಾಕ್ಟರ್ ಕಡೆ ಹೋಗೂಣು, ನಡಿ.”

ದಾಂಡೇಲಿಯಲ್ಲಿ ಆಗಷ್ಟೇ ಸಣ್ಣ ದವಾಖಾನೆ ತೆರೆದಿದ್ದ ಡಾಕ್ಟರ್ ಸಕ್ಕುಬಾಯಿ ಬೆಳಗಾವಿಯ ಕಡೆಯವರು. ಬಿಳಿ ಕೋಟು, ದಪ್ಪ ಕನ್ನಡಕ, ಯಾರಿಗೂ ಹೆದರದ ಬಾಯಿ. ಕೂಸನ್ನು ತಿರುವಿ ಮುರುವಿ ನೋಡಿ, ಶಂಕ್ರವ್ವ ಹೇಳಿದ ಇಡೀ ಪುರಾಣವನ್ನು ಕೇಳಿದರು.

“ಇದಕ್ಕ ಅಲರ್ಜಿ ಅಂತಾರ ಅಜ್ಜೀ. ನಮ್ಮ ಮೈಯಾಗ ಒಬ್ಬ ಕಾವಲುಗಾರ ಇರ್ತಾನ. ಕೆಲವು ಕೂಸುಗಳಾಗ ಅಂವ ಶ್ಯಾಣ್ಯಾ ಅಲ್ಲ, ಭೋಳೆ. ಮನಿಗೆ ಬಂದ ಬೀಗರನ್ನ ಕಳ್ಳರು ಅಂತ ತಿಳಕೊಂಡು ಬಡಿಗಿ ತಗೋತಾನ. ಅದಕ್ಕ ಮೈ ಬಾತು ಬರ್ತೈತಿ.”

“ಹಂಗಾರ ಆ ಕಾವಲುಗಾರನ್ನ ಕೆಲಸದಿಂದ ತಗದ ಒಗೀರಿ,” ಎಂದಳು ಶಂಕ್ರವ್ವ.

“ಅಂವನ್ನ ತಗಿಯಾಕ ಬರೂದಿಲ್ಲ. ಯಾವ ಬೀಗ ಬಂದ್ರ ಹಿಂಗ ಮಾಡ್ತಾನ, ಅದನ್ನ ಹುಡಕಬೇಕು. ಏನೇನು ತಿನಸ್ತೀರಿ? ಹಾಲು, ರಾಗಿ, ಬಾಳೆಹಣ್ಣು. ಶೇಂಗಾ? ಗೋಧಿ? ಮೀನು? ತತ್ತಿ?”

ಕೊನೆಯ ಶಬ್ದಕ್ಕೆ ಶಂಕ್ರವ್ವ ಶಿವಶಿವಾ ಎಂದು ಕಿವಿ ಮುಚ್ಚಿಕೊಂಡಳು. ಅಡಿವೆಯ್ಯನವರ ಬೆತ್ತ ನೆಲ ಕುಟ್ಟಿತು. ಆದರೆ ಎಲ್ಲರಿಗಿಂತ ಎತ್ತರಕ್ಕೆ ಹಾರಿದವನು ಬಸಲಿಂಗಯ್ಯ.

“ಬಾಯಾರ! ಏನು ಕೇಳಾಕತ್ತೀರಿ, ಯಾರನ್ನ ಕೇಳಾಕತ್ತೀರಿ? ನಾವು ಅಯ್ನೋರು! ನಮ್ಮ ಮನಿ ಮ್ಯಾಲಿಂದ ಕಾಗಿ ಹಾರಬೇಕಾದ್ರೂ ವಿಭೂತಿ ಹಚಗೊಂಡು ಹಾರ್ತೈತಿ! ಕೋಳಿ ಅಂಬೂ ಪ್ರಾಣಿ ಹೆಂಗ ಇರ್ತೈತಿ ಅಂತ ನಾ ಚಿತ್ರದಾಗ ನೋಡೇನಿ!”

ಅಡಿವೆಯ್ಯನವರು ಅಳಿಯನನ್ನು ಮೊದಲ ಬಾರಿಗೆ ಮೆಚ್ಚುಗೆಯಿಂದ ನೋಡಿದರು. ಸಕ್ಕುಬಾಯಿ ಕೈ ಮುಗಿದು, “ಕ್ಷಮಾ ಮಾಡ್ರಿ, ಎಲ್ಲಾರಿಗೂ ಕೇಳೂದು ಪದ್ಧತಿ,” ಎಂದರು. ಹೀಗೆ ಆಧುನಿಕ ವೈದ್ಯಶಾಸ್ತ್ರ ಸರಿಯಾದ ಬಾಗಿಲನ್ನೇ ತಟ್ಟಿ, ಒಳಗಿದ್ದವನಿಂದಲೇ ಬೈಸಿಕೊಂಡು, ತಪ್ಪಾಯಿತೆಂದು ಮುಂದಿನ ಮನೆಗೆ ಹೋಯಿತು.

ಡಾಕ್ಟರು ಹೇಳಿದ್ದು ಸರಳವಾಗಿತ್ತು. ತಾಯಿಯನ್ನು ಉಪವಾಸ ಕೆಡವುವುದು ಮೊದಲು ನಿಲ್ಲಬೇಕು. ಕೂಸಿಗೆ ಕೆಲವು ದಿನ ತಾಯಿಹಾಲು, ಅನ್ನದ ಗಂಜಿ. ಆಮೇಲೆ ಒಂದೊಂದೇ ವಸ್ತು, ಸ್ವಲ್ಪ ಸ್ವಲ್ಪ, ಹಗಲು ಹೊತ್ತಿನಲ್ಲಿ. ಒಂದು ಒಗ್ಗಿತೆಂದು ಖಾತ್ರಿಯಾದ ಮೇಲೆ ಇನ್ನೊಂದು. “ತುಟಿ ಬಾತು ಉಸರಿನಾಗ ಸೀಟಿ ಹೊಡದಂಗ ಕೇಳಿಸಿದ್ರ, ಮೆಣಸಿನಕಾಯಿ ಸುಡಕೋತ ಕೂಡ್ರಬ್ಯಾಡ್ರಿ. ಸಿಕ್ಕ ಗಾಡಿ ಹತ್ತಿ ನನ್ನ ಕಡೆ ಓಡಿ ಬರ್ರಿ. ಅದು ಜೀವಕ್ಕ ಬರೂ ಮಾತು.”

ಅದೇ ವಾರ ಕಮಲಿಬಾಯಿಯ ತಾಂಡಾದವರು ಬಿದಿರು ಕಡಿಯುವ ಕೆಲಸಕ್ಕೆ ಜೋಯಿಡಾ ಕಡೆಗೆ ಹೋದರು. ಕೋಳಿಗಳೂ ಬುಟ್ಟಿಯಲ್ಲಿ ಕುಳಿತು ಹೋದವು. ಬಸಲಿಂಗಯ್ಯನ ಕೈ ಕಟ್ಟಿಹೋಯಿತು.

ಓಣಿಯಲ್ಲಿ ವಿಚಾರಣೆ ಶುರುವಾಯಿತು. ಅಡಿವೆಯ್ಯನವರು ಕಟ್ಟೆಯ ಮೇಲೆ ನ್ಯಾಯಾಧೀಶರಂತೆ ಕುಳಿತರು. ರಾಗಿ ಗಂಜಿಯನ್ನು ಕರೆಸಲಾಯಿತು, ಕೂಸು ತಿಂದಿತು, ನಕ್ಕಿತು, ರಾಗಿ ಬಿಡುಗಡೆಯಾಯಿತು. ಬಾಳೆಹಣ್ಣು ನಿರ್ದೋಷಿಯೆಂದು ತೀರ್ಪಾಯಿತು. ಎಮ್ಮೆಯ ಸರದಿ ಬಂದ ದಿನ ಮಾಲವ್ವ ಎಮ್ಮೆಯನ್ನೇ ಬಾಗಿಲಿಗೆ ತಂದು ನಿಲ್ಲಿಸಿದಳು.

“ಕುಡಸ್ರಿ ಎಲ್ಲಾರ ಮುಂದ! ನಾನೂ ಇಲ್ಲೇ ನಿಂತೇನಿ, ನನ್ನ ಕಣ್ಣೂ ತೆರದಽ ಅದಾವ. ಏನಾಗ್ತೈತಿ ನೋಡೂಣು.”

ಏನೂ ಆಗಲಿಲ್ಲ. ಕೂಸು ಮೀಸೆಯಂತೆ ಹಾಲು ಹಚ್ಚಿಕೊಂಡು ಕೇಕೆ ಹಾಕಿತು. ಮಾಲವ್ವ ಎಮ್ಮೆಯ ಹಣೆಗೆ ಅರಿಷಿಣ ಕುಂಕುಮ ಹಚ್ಚಿ, ಊರು ಮೂರು ಸುತ್ತು ಮೆರವಣಿಗೆ ಮಾಡಿಸಿದಳು. ಶಂಕ್ರವ್ವನ ಮನೆಯ ಮುಂದೆ ಮಾತ್ರ ಎಮ್ಮೆ ಬೇಕೆಂದೇ ಸೆಗಣಿ ಹಾಕಿತೆಂದು ಊರು ಇಂದಿಗೂ ನಂಬುತ್ತದೆ. ಕುಂಬಾರವಾಡಕ್ಕೆ ಆಳು ಹೋಗಿ ಆಕಳನ್ನು ಗೌರವದಿಂದ ಕರೆತಂದ. ಕಾಶೆವ್ವ ಶೇಂಗಾ ಚಟ್ನಿ ಹಚ್ಚಿ ರೊಟ್ಟಿ ತಿಂದು, ಅತ್ತೆಯ ಎದುರಿಗೇ ತೇಗಿದಳು.

ಎಲ್ಲವೂ ನಿರ್ದೋಷಿಯಾದ ಮೇಲೆ ದೋಷಿ ಯಾರು? ಈ ಪ್ರಶ್ನೆ ಓಣಿಯ ನಾಯಿಗಳಿಗೂ ಬಂದಿತ್ತು, ಬಸಲಿಂಗಯ್ಯನಿಗೆ ಬರಲಿಲ್ಲ. ತತ್ತಿಯ ಮೇಲೆ ಯಾರೂ ಆಪಾದನೆಯನ್ನೇ ಹೊರಿಸಿರಲಿಲ್ಲ. ಆಪಾದನೆಯಿಲ್ಲದವರನ್ನು ಸಂಶಯಿಸುವಷ್ಟು ಕೆಟ್ಟ ಮನುಷ್ಯ ಅವನಲ್ಲ.

ಪ್ರದರ್ಶನದ ದಿನ ಹಳಿಯಾಳದ ಶಾಲೆಯ ಬಯಲಲ್ಲಿ ಶಾಮಿಯಾನ, ಬಣ್ಣದ ಕಾಗದದ ಪರಪರಿ, ಮರಕ್ಕೆ ಕಟ್ಟಿದ ಲೌಡ್‌ಸ್ಪೀಕರ್. ಕೂಸುಗಳನ್ನು ತೂಗಲು ಪೇಟೆಯ ಒಣಮೆಣಸಿನಕಾಯಿ ವ್ಯಾಪಾರಿಯೊಬ್ಬನ ತಕ್ಕಡಿ ತಂದಿದ್ದರು. ಅದರಲ್ಲಿ ಕೂತ ಕೂಸುಗಳೆಲ್ಲ ಸೀನಿ ತೂಕ ಕಳೆದುಕೊಳ್ಳುತ್ತಿದ್ದವು. ಪರೀಕ್ಷಕರು ದಾಂಡೇಲಿಯ ಡಾಕ್ಟರ್ ಸಕ್ಕುಬಾಯಿ. ಮುಂದಿನ ಸಾಲಿನಲ್ಲಿ ಅಡಿವೆಯ್ಯನವರು, ಅವರ ಪಕ್ಕಕ್ಕೆ ಶಂಕ್ರವ್ವ, ಪಕ್ಕದಲ್ಲಿ ಕೂಡದೆ ಹಿಂದೆ ನಿಂತ ಮಾಲವ್ವ. ಬೇರೆ ಕೂಸುಗಳನ್ನು ನೋಡಿ ಬಸಲಿಂಗಯ್ಯನ ಎದೆ ಕುಸಿಯಿತು. ಒಂದೊಂದೂ ಬೆಲ್ಲದ ಪೆಂಟೆಯಂತೆ ಇದ್ದವು.

ಕಾಡಿನಿಂದ ತಿರುಗಿ ಬಂದಿದ್ದ ಕಮಲಿಬಾಯಿ ಉರುವಲು ಮಾರಿ ಪ್ರದರ್ಶನ ನೋಡಲು ನಿಂತಿದ್ದಳು. ಅವಳಿಗೂ ಅವನಿಗೂ ಕಣ್ಣಲ್ಲೇ ಮಾತಾಯಿತು. ಶಾಮಿಯಾನದ ಹಿಂದೆ ಅವಳ ಉಡಿಯಿಂದ ಎಲೆಯ ಪೊಟ್ಟಣ, ಬಸಲಿಂಗಯ್ಯನ ಚೀಲದಿಂದ ಒಳಲೆ ಹೊರಬಂದವು.

“ತೇರಗಾಂವದ ಕೂಸು ಈರಯ್ಯ!” ಎಂದು ಲೌಡ್‌ಸ್ಪೀಕರ್ ಕೂಗುವಾಗ ಈರಯ್ಯನ ಕೆನ್ನೆ ಆಗಲೇ ದುಂಡಗಾಗುತ್ತಿತ್ತು. ಬಸಲಿಂಗಯ್ಯ ಅವನನ್ನು ಎತ್ತಿ ವೇದಿಕೆ ಹತ್ತಿ, ಮೈಕು ತನಗೇ ಇಟ್ಟಿದ್ದಾರೆಂದು ಭಾವಿಸಿ ಹಿಡಿದುಕೊಂಡ. ಅಧ್ಯಕ್ಷತೆ ವಹಿಸಿದ್ದ ಸಾಹೇಬರು ಕೂಸನ್ನು ನೋಡಿ ಎದ್ದೇ ನಿಂತರು.

“ನೋಡ್ರಿ ಮಹಾಜನರ, ಈ ಕೆನ್ನೆ ನೋಡ್ರಿ! ಇದು ಪಂಚವಾರ್ಷಿಕ ಯೋಜನೆಯ ಫಲ!”

ಚಪ್ಪಾಳೆ ಬಿತ್ತು. ಫಲವು ಬೆಳೆಯುತ್ತಲೇ ಹೋಯಿತು. ಕಣ್ಣು ಮುಚ್ಚಿತು, ತುಟಿ ಮಡಚಿಕೊಂಡಿತು, ಕುತ್ತಿಗೆಗೆ ಗಾದರಿ ಹಬ್ಬಿದವು. ಯೋಜನೆ ಗುರಿ ಮೀರುತ್ತಿದೆಯೆಂದು ಸಾಹೇಬರಿಗೂ ಅನ್ನಿಸಿತು. ಆಮೇಲೆ ಮೈಕಿನೊಳಗಿಂದ, ಇಡೀ ಬಯಲಿಗೆ ಕೇಳುವಂತೆ, ಒಂದು ಸಣ್ಣ ಸೀಟಿಯ ಸದ್ದು ಬಂತು. ಕೂಸಿನ ಉಸಿರು ಅದು.

ಚಪ್ಪಾಳೆ ನಿಂತಿತು. ಕಾಶೆವ್ವ ಕಿರುಚಿ ವೇದಿಕೆಗೆ ಓಡಿದಳು. ಅಷ್ಟರಲ್ಲಿ ಸಕ್ಕುಬಾಯಿ ಕೂಸನ್ನು ಕಸಿದು ಮೇಜಿನ ಮೇಲೆ ಮಲಗಿಸಿ, ಚೀಲದಿಂದ ಸೂಜಿ ತೆಗೆದು ತೊಡೆಗೆ ಚುಚ್ಚಿಬಿಟ್ಟಿದ್ದರು.

“ಏನು ತಿನಸೀರಿ ಈಗ?”

“ಏನೂ ಇಲ್ಲರಿ ಬಾಯಾರ, ಮುಂಜಾನಿ ಗಂಜಿ, ಅಷ್ಟಽ. ನನ್ನಾಣಿ,” ಎಂದು ಕಾಶೆವ್ವ ಅಳುತ್ತಿದ್ದಳು.

“ಗಂಜಿಗೆ ಹಿಂಗಾಗೂದಿಲ್ಲ. ಈಗಽ ಏನೋ ತಿಂದೈತಿ. ಗೊತ್ತಾಗಲಿಲ್ಲಂದ್ರ ನಾಳೆ ಮತ್ತ ಅದನ್ನಽ ತಿಂತೈತಿ, ನಾಳೆ ನಾ ಇಲ್ಲಿರೂದಿಲ್ಲ. ಹೇಳ್ರಿ, ಯಾರು ಏನು ಕೊಟ್ರಿ?”

ಬಸಲಿಂಗಯ್ಯ ಮುಂದಿನ ಸಾಲಿನ ವಿಭೂತಿಯನ್ನು ನೋಡಿದ. ಮೇಜಿನ ಮೇಲಿನ ಕೂಸನ್ನು ನೋಡಿದ. ಬಾಯಿ ತೆರೆದ. ಮೈಕು ಕೈಯಲ್ಲೇ ಇತ್ತು.

“ತತ್ತಿರಿ,” ಎಂದ.

‘ತತ್ತಿ’ ಮರದ ಮೇಲಿನಿಂದ ಹೊರಟು ಪೇಟೆ ದಾಟಿ, ಬಸ್ ಸ್ಟ್ಯಾಂಡಿನಲ್ಲಿ ಹೊರಡಲಿದ್ದ ಬಸ್ಸನ್ನು ನಿಲ್ಲಿಸಿ, ಕೆರೆಯ ಏರಿಗೆ ಬಡಿದು ತಿರುಗಿ ಬಂತು. ಕ್ಷೌರದ ಅಂಗಡಿಯಲ್ಲಿ ಮಲಕಪ್ಪ ಮತ್ತೆ ಒಂದು ಕಣ್ಣು ತೆರೆದನಂತೆ. ಶಂಕ್ರವ್ವ ಕುಳಿತಲ್ಲೇ ಹಿಂದಕ್ಕೆ ವಾಲಿದಳು. ಅವಳನ್ನು ಹಿಡಿದವಳು ಮಾಲವ್ವ. “ಹಿಂದಕ್ಕ ಬೀಳಬ್ಯಾಡ ಶಂಕ್ರಕ್ಕಾ, ಇನ್ನೂ ಐತಿ, ಪೂರಾ ಕೇಳು,” ಎಂದಳು ಅವಳು ಬಹಳ ಮಮತೆಯಿಂದ.

ಸೂಜಿ ಕೆಲಸ ಮಾಡಿತು. ಸೀಟಿಯ ಸದ್ದು ಸಣ್ಣದಾಗಿ, ಕೂಸು ಕಣ್ಣು ಬಿಟ್ಟು ಅಳತೊಡಗಿತು. ಸಕ್ಕುಬಾಯಿ ಬೆವರು ಒರೆಸಿಕೊಂಡರು.

“ಕೇಳ್ರಿ ಎಲ್ಲಾರೂ. ಈ ಕೂಸಿಗೆ ತತ್ತಿ ಒಂದಽ ಬ್ಯಾಡ. ಉಳಿದದ್ದೆಲ್ಲಾ ತಿನ್ಲಿ, ಸುಮ್ಮಸುಮ್ಮನ ಬಿಡಿಸಿ ಸೊರಗಿಸಬ್ಯಾಡ್ರಿ. ಬಹಳ ಕೂಸಿಗೆ ದೊಡ್ಡವಾದಂಗ ತಾನಽ ಒಗ್ಗತೈತಿ. ಒಗ್ಗೇತೋ ಇಲ್ಲೋ ಅಂತ ಮನ್ಯಾಗ ನೀವಽ ಪರೀಕ್ಷಾ ಮಾಡಬ್ಯಾಡ್ರಿ, ನನ್ನ ಮುಂದ ಮಾಡೂಣು. ಇವತ್ತ ರಾತ್ರಿ ಕೂಸು ನನ್ನ ಕಣ್ಣ ಮುಂದಽ ಇರ್ಲಿ.” ಬಸಲಿಂಗಯ್ಯನ ಕಡೆ ತಿರುಗಿದರು. “ಎಷ್ಟು ತಿನಸ್ತಿದ್ರಿ? ಲೆಕ್ಕ ಬೇಕು ನನಗ.”

ಹಳೆಯ ಚಟ ಬಿಡುತ್ತದೆಯೇ? “ದಿನಾ ನಾಕು ತತ್ತಿರಿ,” ಎಂದ ಬಸಲಿಂಗಯ್ಯ. “ನಮ್ಮ ಈರಯ್ಯ ಅಂದ್ರ...”

“ಇಲ್ಲೂ ಬಡಾಯೀನ? ದಿನಾ ನಾಕು ತಿಂದಿದ್ರ ಈ ಕೂಸು ಇವತ್ತ ನನ್ನ ಕೈಗೆ ಸಿಗ್ತಿದ್ದಿಲ್ಲ! ಖರೇ ಹೇಳ್ರಿ.”

“ಎರಡು.”

ಸಕ್ಕುಬಾಯಿ ಕನ್ನಡಕ ತೆಗೆದರು.

“ಒಂದರಿ, ಒಂದು. ಎರಡು ದಿನಕ್ಕ ಒಂದು.”

“ಕೂಸಿನ ತಲೀ ಮುಟ್ಟಿ ಹೇಳ್ರಿ,” ಎಂದಳು ಕಾಶೆವ್ವ. ಅವಳ ಕಣ್ಣೀರು ಆರಿತ್ತು.

ಬಸಲಿಂಗಯ್ಯ ಕೂಸಿನ ತಲೆ ಮುಟ್ಟಿದ. “ಒಂದು ಚಮಚ,” ಎಂದ. “ಬರೇ ಒಂದು ಚಮಚ. ಪೂರಾ ಹಾಕಾಕ ಹೆದರಿಕಿ ಬರ್ತಿತ್ತು.”

ಅಡಿವೆಯ್ಯನವರು ಬೆತ್ತ ಊರಿ ನಿಧಾನವಾಗಿ ಎದ್ದರು. ಬೈಯುತ್ತಾರೆಂದು ಜನ ಹಿಂದೆ ಸರಿದರು. ಅವರು ಬೈಯಲಿಲ್ಲ, ಪಂಚಾಯಿತಿಯಲ್ಲಿ ಕೇಳುವ ಧ್ವನಿಯಲ್ಲಿ ಕೇಳಿದರು.

“ಅಳಿಯಂದ್ರ, ಒಂದು ತತ್ತ್ಯಾಗ ಎಷ್ಟು ಚಮಚ ಇರ್ತಾವೋ ನನಗ ತಿಳೀದು. ಒಂದಕ್ಕಿಂತ ಹೆಚ್ಚಿಗಿ ಇದ್ದೀತು ಅನಸ್ತೈತಿ. ಉಳದದ್ದು ಏನಾತು?”

“ಚೆಲ್ಲಿದೆರಿ ಮಾವಾರ.”

“ಸುಳ್ಳ ಅಯ್ಯಾ!” ಎಂದಳು ಜನರ ನಡುವಿನಿಂದ ಕಮಲಿಬಾಯಿ, ಮನಸ್ಸಿನಲ್ಲಿ ಯಾವ ಕೇಡೂ ಇಲ್ಲದೆ. “ಚೆಲ್ಲಾವ್ರು ಯಾರರ ‘ಒಂದ ಬ್ಯಾಡ, ಎರಡ ತಗೊಂಬಾ, ಕುದಿಸಿಕೊಂಡ ತಗೊಂಬಾ’ ಅಂತಾರೇನು?”

ಮೈಕನ್ನು ಯಾರಾದರೂ ಕೈಯಿಂದ ಕಸಿದುಕೊಂಡಾರೆಂದು ಬಸಲಿಂಗಯ್ಯ ಸುತ್ತ ನೋಡಿದ. ಯಾರೂ ಕಸಿಯಲಿಲ್ಲ. ಎಲ್ಲರೂ ಕೇಳಲು ನಿಂತಿದ್ದರು, ಸಾಹೇಬರು ಸಹಿತ.

“ಖರೇ ಹೇಳಬೇಕಂದ್ರ...” ಎಂದ ಬಸಲಿಂಗಯ್ಯ. ಹುಟ್ಟಿದಾಗಿನಿಂದ ಆ ಬಾಯಿಯಿಂದ ಹೊರಬೀಳದಿದ್ದ ಮಾತು ಅದು. “ಕೂಸಿಗೆ ಒಗ್ಗಲಿಲ್ಲರಿ. ನನಗ ಒಗ್ಗಿತು.”